ಏಳು ಜನರ ಕಂಪನಿ ಮೂರು ಲಕ್ಷ ಜನರದಾದಾಗ

1981ರ ಆರಂಭದಲ್ಲಿ ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ, ಬಿಇಎಂಎಲ್ ಕಾರ್ಖಾನೆಗಳ ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಗೆ ನಿಂತಿದ್ದರು. ಹಿಂದಿನ ಡಿಸೆಂಬರ್ ಕೊನೆಯಲ್ಲಿ ಶುರುವಾದ ಆ ಮುಷ್ಕರ 77 ದಿನ ನಡೆದು ಮಾರ್ಚ್‌ನಲ್ಲಿ ಮುಗಿಯಿತು. ಬಿಎಚ್‌ಇಎಲ್‌ನಲ್ಲಿ ಆದ ಒಪ್ಪಂದದ ಮಟ್ಟಕ್ಕೆ ತಮ್ಮ ಸಂಬಳವನ್ನೂ ತರಬೇಕು ಎಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಅದು ಪೂರ್ತಿಯಾಗಿ ಈಡೇರಲಿಲ್ಲ. ಆದರೆ ಒಂದು ಸಂಗತಿಯ ಬಗ್ಗೆ ಎರಡೂ ಕಡೆಯವರಿಗೆ ಅನುಮಾನವಿರಲಿಲ್ಲ. ಸಂಬಳ, ಬಡ್ತಿ, ರಜೆ, ಶಿಸ್ತುಕ್ರಮ ಇವೆಲ್ಲ ಬರೆದಿಟ್ಟ ನಿಯಮಗಳ ವಿಷಯ. ಆ ನಿಯಮಗಳನ್ನು ಆಡಳಿತ ವರ್ಗ ಮತ್ತು ಯೂನಿಯನ್ ಎದುರು ಬದುರು ಕುಳಿತು ತೀರ್ಮಾನಿಸಬೇಕು.

ಅದೇ ವರ್ಷ ಜುಲೈನಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಒಂದು ಸಾಫ್ಟ್‌ವೇರ್ ಕಂಪನಿ ನೋಂದಾಯಿಸಿದರು. ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿಯೇ ಬಂಡವಾಳ. ನಾರಾಯಣ ಮೂರ್ತಿಯವರ ಮನೆಯ ಮುಂದಿನ ಕೋಣೆಯೇ ಕಚೇರಿ. ನೋಂದಾಯಿತ ವಿಳಾಸ ಎನ್.ಎಸ್. ರಾಘವನ್ ಅವರ ಮನೆಯದು. ಅಲ್ಲಿ ಯೂನಿಯನ್ ಇರಲಿಲ್ಲ, ವೆಲ್‌ಫೇರ್ ಆಫೀಸರ್ ಇರಲಿಲ್ಲ, ಹಾಜರಿ ಪುಸ್ತಕದ ಅಗತ್ಯವೂ ಇರಲಿಲ್ಲ. ಏಳು ಜನರೂ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಒಟ್ಟಿಗೆ ದುಡಿದವರು. ಯಾರು ಎಷ್ಟು ಹೊತ್ತು ಕೂರುತ್ತಾರೆ, ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬುದು ಪರಸ್ಪರ ಗೊತ್ತಿತ್ತು.

ಆ ಕಂಪನಿ ಇನ್ಫೋಸಿಸ್. ಇವತ್ತು ಅದರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಅದರ ವ್ಯಾಪಾರದ ಕಥೆಯನ್ನು ಬಹಳ ಸಲ ಹೇಳಲಾಗಿದೆ. ಏಳು ಜನರ ನಡುವಿನ ನಂಬಿಕೆ ಲಕ್ಷಾಂತರ ಜನರ ನಿಯಮಾವಳಿ ಆದದ್ದು ಹೇಗೆ ಎಂಬ ಕಥೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಭಾರತದ ಸ್ಟಾರ್ಟಪ್‌ಗಳು ಇವತ್ತು ಎಚ್‌ಆರ್ ಎಂದು ಕರೆಯುವ ವ್ಯವಸ್ಥೆಯ ಬಹುಪಾಲು ರೂಪುಗೊಂಡದ್ದು ಇಂಥ ಮೊದಲ ತಲೆಮಾರಿನ ಐಟಿ ಕಂಪನಿಗಳಲ್ಲಿ. ಹಾಗಾಗಿ ಆ ಕಥೆ ಒಂದೇ ಕಂಪನಿಗೆ ಸೇರಿದ್ದಲ್ಲ.

ಪರಿಚಯವೇ ನಿಯಮವಾಗಿದ್ದ ಕಾಲ

ಕಂಪನಿಯ ದಾಖಲೆಯಲ್ಲಿ ಮೊದಲ ನೌಕರ ನಾರಾಯಣ ಮೂರ್ತಿಯವರಲ್ಲ, ರಾಘವನ್. ಮೂರ್ತಿಯವರು ಪಟ್ನಿಯಲ್ಲಿ ಒಪ್ಪಿಕೊಂಡಿದ್ದ ಕೆಲಸ ಮುಗಿಸಿ ಬರಬೇಕಿತ್ತು, ಅವರ ಸಂಖ್ಯೆ ನಾಲ್ಕು. ಹಳೆಯ ಮಾಲೀಕರಿಗೆ ಕೊಟ್ಟ ಮಾತು ಮುಗಿಸಿ ಬಂದ ಈ ಸಣ್ಣ ಸಂಗತಿ ಆ ಕಾಲದ ರೀತಿಯನ್ನು ತಿಳಿಸುತ್ತದೆ. ಕರಾರಿಗಿಂತ ಮಾತು ದೊಡ್ಡದಾಗಿತ್ತು.

ಮೊದಲ ಗಿರಾಕಿ ಅಮೆರಿಕದ ಡೇಟಾ ಬೇಸಿಕ್ಸ್ ಕಾರ್ಪೊರೇಷನ್. ಸ್ಥಾಪಕರಲ್ಲಿ ಹಲವರು ಅಲ್ಲಿಗೇ ಹೋಗಿ ಪ್ರೋಗ್ರಾಂ ಬರೆದರು. 1983ರಲ್ಲಿ ಬಾಷ್ ಸಮೂಹಕ್ಕೆ ಸೇರಿದ ಮೈಕೊ ಕಂಪನಿಯ ಕೆಲಸ ಸಿಕ್ಕಿದ್ದರಿಂದ ಕಚೇರಿ ಪುಣೆಯಿಂದ ಬೆಂಗಳೂರಿಗೆ ಬಂತು. ಕಂಪ್ಯೂಟರ್ ಆಮದಿಗೆ ದೆಹಲಿಯ ಲೈಸೆನ್ಸ್ ಬೇಕಿದ್ದ ಕಾಲ ಅದು. ನೌಕರರ ಸಂಖ್ಯೆ ಬಹಳ ನಿಧಾನವಾಗಿ ಏರಿತು.

ಆಗಿನ ಎಚ್‌ಆರ್ ನೀತಿ ಎಂದು ಹೇಳಬಹುದಾದದ್ದರಲ್ಲಿ ಒಂದು ಸ್ಥಾಪಕರು ತಮ್ಮ ಮೇಲೆಯೇ ಹಾಕಿಕೊಂಡ ಕಟ್ಟುಪಾಡು. ಗಂಡ ಹೆಂಡತಿ ಇಬ್ಬರೂ ಕಂಪನಿಯಲ್ಲಿ ಇರಬಾರದು ಎಂದು ಮೂರ್ತಿಯವರು ಪಟ್ಟುಹಿಡಿದರು. ಟೆಲ್ಕೊದಲ್ಲಿ ಎಂಜಿನಿಯರಾಗಿದ್ದ, ಮೊದಲ ಬಂಡವಾಳ ಕೊಟ್ಟ ಸುಧಾ ಮೂರ್ತಿ ಹೊರಗುಳಿದರು. ಈ ತೀರ್ಮಾನ ಅವರಿಗೆ ನ್ಯಾಯ ಮಾಡಿತೇ ಎಂಬುದನ್ನು ಇವತ್ತಿಗೂ ಕೇಳಬಹುದು. ಆದರೆ ಇದು ಕುಟುಂಬದ ಅಂಗಡಿಯಲ್ಲ ಎಂಬ ಸಂದೇಶ ಅದರಿಂದ ಹೋಯಿತು. ಸಂಬಂಧಿಕರ ಮಗನಿಗೆ ಕೆಲಸ ಕೊಡಿಸುವುದು ಸಹಜ ಎನಿಸಿದ್ದ ದೇಶದಲ್ಲಿ ಅದು ದೊಡ್ಡ ಮಾತು.

ಪರಿಚಯದ ಮೇಲೆ ನಿಂತ ಕಂಪನಿಗೆ ಬರುವ ಗಂಡಾಂತರ 1989-90ರಲ್ಲಿ ಬಂತು. ಏಳು ಜನರಲ್ಲಿ ಒಬ್ಬರಾದ ಅಶೋಕ್ ಅರೋರಾ ಹೊರಟರು. ಅದೇ ಸುಮಾರಿಗೆ ಕಂಪನಿಯನ್ನು 10 ಲಕ್ಷ ಡಾಲರ್‌ಗೆ ಕೊಳ್ಳುವ ಪ್ರಸ್ತಾಪ ಬಂತು. ಉಳಿದವರು ಮಾರುವ ಯೋಚನೆಯಲ್ಲಿದ್ದಾಗ, ಬೇಕಿದ್ದರೆ ಎಲ್ಲರ ಪಾಲನ್ನೂ ತಾನೇ ಕೊಳ್ಳುವೆ ಎಂದು ಮೂರ್ತಿಯವರು ಹೇಳಿದರು. ಕೊನೆಗೆ ಎಲ್ಲರೂ ಉಳಿದರು. ಒಂದು ಕೋಣೆಯಲ್ಲಿ ಕುಳಿತ ಕೆಲವೇ ಜನ ಒಂದೇ ಮಾತುಕತೆಯಲ್ಲಿ ಕಂಪನಿಯ ಭವಿಷ್ಯ ನಿರ್ಧರಿಸಿದ ಪ್ರಸಂಗ ಇದು. ನೌಕರರು ಸಾವಿರ ದಾಟಿದ ಮೇಲೆ ಈ ಬಗೆಯ ಮಾತುಕತೆ ಸಾಧ್ಯವಿಲ್ಲ.

ಪಾಲು

1991ರ ಆರ್ಥಿಕ ಸುಧಾರಣೆ ಸಾಫ್ಟ್‌ವೇರ್ ಕಂಪನಿಗಳಿಗೆ ಬಾಗಿಲು ತೆರೆಯಿತು, ಜೊತೆಗೆ ಪೈಪೋಟಿಯನ್ನೂ ತಂದಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಿಂದಲೇ ಬೆಂಗಳೂರಿನಲ್ಲಿತ್ತು. ತೊಂಬತ್ತರ ದಶಕದಲ್ಲಿ ಐಬಿಎಂ ಟಾಟಾ ಜೊತೆಗೂಡಿ ದೇಶಕ್ಕೆ ಮರಳಿತು, ಇನ್ನೂ ಹಲವು ವಿದೇಶಿ ಕಂಪನಿಗಳು ಬಂದವು. ಅವರು ಕೊಡುವ ಸಂಬಳಕ್ಕೆ ಸರಿಗಟ್ಟುವ ಶಕ್ತಿ ಇನ್ಫೋಸಿಸ್‌ಗೆ ಇರಲಿಲ್ಲ. ಹಣದಲ್ಲಿ ಕೊಡಲಾಗದ್ದನ್ನು ಪಾಲಿನಲ್ಲಿ ಕೊಡುವ ದಾರಿ ಹಿಡಿಯಿತು.

1993ರ ಫೆಬ್ರವರಿಯಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಒಂದು ಷೇರಿಗೆ 95 ರೂಪಾಯಿ. ಕೊಳ್ಳುವವರು ಸಾಕಷ್ಟು ಬರಲಿಲ್ಲ, ಮಾರ್ಗನ್ ಸ್ಟಾನ್ಲಿ 13 ಶೇಕಡಾ ಪಾಲು ಕೊಂಡು ಕೈಹಿಡಿಯಿತು. ಜೂನ್‌ನಲ್ಲಿ ವಹಿವಾಟು ಆರಂಭವಾದಾಗ ಬೆಲೆ 145 ರೂಪಾಯಿ. ಮರುವರ್ಷ ಮುಖ್ಯ ಕಚೇರಿ ಎಲೆಕ್ಟ್ರಾನಿಕ್ ಸಿಟಿಗೆ ಹೋಯಿತು. ಅದೇ ವರ್ಷ ನೌಕರರಿಗೆ ಷೇರು ಕೊಡುವ ಯೋಜನೆಯೂ ಜಾರಿಗೆ ಬಂತು. ಭಾರತದಲ್ಲಿ ಇದಕ್ಕೆ ಸೆಬಿಯ ಮಾರ್ಗಸೂಚಿ ಬಂದದ್ದು 1999ರಲ್ಲಿ. ಅಂದರೆ ಕಾನೂನಿನ ಅಚ್ಚು ಇಲ್ಲದಾಗಲೇ ಒಂದು ಟ್ರಸ್ಟ್ ಮಾಡಿಕೊಂಡು ಕಂಪನಿ ಈ ಕೆಲಸ ಮಾಡಿತು. 1999ರ ಮಾರ್ಚ್‌ನಲ್ಲಿ ಅದು ಅಮೆರಿಕದ ನ್ಯಾಸ್‌ಡ್ಯಾಕ್‌ನಲ್ಲಿ ಪಟ್ಟಿಯಾದ ಮೊದಲ ಭಾರತೀಯ ಕಂಪನಿಯಾದಾಗ ಈ ಷೇರುಗಳ ಬೆಲೆ ಎಲ್ಲಿಗೋ ಹೋಗಿತ್ತು. ಸಂಬಳವನ್ನೇ ನಂಬಿದ್ದ ಮಧ್ಯಮ ವರ್ಗದ ನೂರಾರು ಮನೆಗಳಿಗೆ ಹಿಂದೆಂದೂ ಕಾಣದ ಸಂಪತ್ತು ಬಂತು.

ಇನ್ನೊಂದು ವಿಶೇಷ ಅದರ ವಾರ್ಷಿಕ ವರದಿಯಲ್ಲಿತ್ತು. ಯಂತ್ರ, ಕಟ್ಟಡಗಳಂತೆ ನೌಕರರಿಗೂ ಬೆಲೆ ಕಟ್ಟುವ ಲೆವ್ ಮತ್ತು ಶ್ವಾರ್ಟ್ಸ್ ಎಂಬುವರ ಲೆಕ್ಕಾಚಾರವನ್ನು ಬಳಸಿ, ತನ್ನ ಮಾನವ ಸಂಪನ್ಮೂಲದ ಮೌಲ್ಯ ಇಷ್ಟು ಎಂದು ಅದು ಪ್ರಕಟಿಸುತ್ತಿತ್ತು. ನೌಕರರು ಮುಂದೆ ಗಳಿಸಬಹುದಾದ ಸಂಬಳವನ್ನು ಇವತ್ತಿನ ಮೌಲ್ಯಕ್ಕೆ ಇಳಿಸಿ ಕೂಡುವ ವಿಧಾನ ಅದು. ಕಾರ್ಖಾನೆಯ ಲೆಕ್ಕದಲ್ಲಿ ಕೂಲಿ ಎಂದರೆ ಖರ್ಚು. ಇಲ್ಲಿ ಅದು ಆಸ್ತಿಯ ಮಾತಾಯಿತು. ಭಾಷೆಯಲ್ಲಿ ಆದ ಈ ಬದಲಾವಣೆಯನ್ನು ಹಗುರವಾಗಿ ನೋಡಬಾರದು. ‘ಪರ್ಸನಲ್ ಡಿಪಾರ್ಟ್‌ಮೆಂಟ್’ ಹೋಗಿ ‘ಎಚ್‌ಆರ್’ ಬಂದದ್ದು ಈ ಹೊತ್ತಿನಲ್ಲೇ.

ಆದರೆ ಪಾಲು ಹಂಚುವ ಲೆಕ್ಕಕ್ಕೆ ಒಂದು ಮಿತಿ ಇದೆ. ಕಂಪನಿ ಚಿಕ್ಕದಿದ್ದಾಗ ಸಿಕ್ಕ ಷೇರು ಹತ್ತಾರು ಪಟ್ಟು ಬೆಳೆಯುತ್ತದೆ. ಬೆಳೆದಾದ ಮೇಲೆ ಬಂದವರಿಗೆ ಅದೇ ಷೇರು ದುಬಾರಿ ಬೆಲೆಯಲ್ಲಿ ಸಿಗುತ್ತದೆ, ಬೆಳೆಯುವುದೂ ನಿಧಾನ. 1999ರಲ್ಲಿ ಸುಮಾರು 3,700 ಇದ್ದ ನೌಕರರು 2001ಕ್ಕೆ 9,800ರ ಹತ್ತಿರ ಬಂದರು, 2004ಕ್ಕೆ 25,000 ದಾಟಿದರು. ಇಷ್ಟು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಬರುವುದು ಅತ್ಯಲ್ಪ. 2003ರ ಹೊತ್ತಿಗೆ ಷೇರು ಕೊಡುವ ಪದ್ಧತಿ ನಿಂತಿತು, ಮತ್ತೆ ಶುರುವಾದದ್ದು 2016ರಲ್ಲಿ. ಮೊದಲು ಬಂದವರು ಪಾಲುದಾರರಾಗಿದ್ದರು, ಆ ನಡುವೆ ಬಂದವರು ಸಂಬಳದವರಾದರು. ಕಂಪನಿಯೊಳಗೆ ಎರಡು ತಲೆಮಾರುಗಳು ಹುಟ್ಟಿದವು. ಅವರ ಕೆಲಸದಲ್ಲಿ ಅಷ್ಟೇನೂ ವ್ಯತ್ಯಾಸ ಇರಲಿಲ್ಲ, ಸೇರಿದ ವರ್ಷ ಮಾತ್ರ ಬೇರೆ.

ಕಲಿಯುವ ಶಕ್ತಿ

ಪಾಲಿನ ಜಾಗಕ್ಕೆ ಬಂದದ್ದು ತರಬೇತಿ. ಇನ್ಫೋಸಿಸ್ ಆರಂಭದಿಂದಲೂ ಅನುಭವಕ್ಕಿಂತ ಕಲಿಯುವ ಶಕ್ತಿಗೆ ಹೆಚ್ಚು ಬೆಲೆ ಕೊಟ್ಟಿತು. ಇಂಗ್ಲಿಷ್‌ನಲ್ಲಿ ‘ಲರ್ನಬಿಲಿಟಿ’ ಎಂಬ ಪದ ಅಲ್ಲಿ ದಿನಬಳಕೆಯ ಮಾತಾಯಿತು. ಅಭ್ಯರ್ಥಿಗೆ ಯಾವ ಕಂಪ್ಯೂಟರ್ ಭಾಷೆ ಬರುತ್ತದೆ ಎಂದು ಕೇಳುವ ಬದಲು ಒಗಟಿನಂಥ ಲೆಕ್ಕ ಕೊಟ್ಟು ಅವರು ಹೇಗೆ ಯೋಚಿಸುತ್ತಾರೆ ಎಂದು ನೋಡುವುದು ಪದ್ಧತಿ. ಇದರಿಂದ ದೊಡ್ಡ ಲಾಭವಾದದ್ದು ಸಣ್ಣ ಊರುಗಳ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೆ. ದಾವಣಗೆರೆ, ಹಾಸನ, ಬೆಳಗಾವಿಯ ಸಿವಿಲ್, ಮೆಕ್ಯಾನಿಕಲ್ ಪದವೀಧರರು ಸಾಫ್ಟ್‌ವೇರ್ ಕೆಲಸಕ್ಕೆ ಬಂದದ್ದು ಈ ಬಾಗಿಲಿನಿಂದಲೇ. ಇವತ್ತು ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಹಳೇ ಮಹಾಬಲಿಪುರಂ ರಸ್ತೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಇಂಥ ಕಂಪನಿಗಳ ಕ್ಯಾಂಪಸ್ ಆಯ್ಕೆಯಿಂದ ಆ ಊರುಗಳಿಗೆ ಹೋದಂಥವು.

ಅರ್ಜಿ ಹಾಕುವವರು ಹೆಚ್ಚಿದಂತೆ ಆಯ್ಕೆಯೇ ಒಂದು ಕೈಗಾರಿಕೆಯಾಯಿತು. ಎರಡು ಸಾವಿರದ ದಶಕದ ನಡುವಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬರುತ್ತಿದ್ದವು. ಒಬ್ಬೊಬ್ಬರನ್ನೂ ಸ್ಥಾಪಕರು ಕೂರಿಸಿ ಮಾತಾಡಿಸುವುದು ಅಸಾಧ್ಯ. ಪರೀಕ್ಷೆ, ಕಟ್‌ಆಫ್ ಅಂಕ, ಸಂದರ್ಶನದ ಸಿದ್ಧ ನಮೂನೆ ಅನಿವಾರ್ಯವಾದವು. 2005ರ ಫೆಬ್ರವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಮೈಸೂರಿನ ಶಿಕ್ಷಣ ಕೇಂದ್ರವನ್ನು ಉದ್ಘಾಟಿಸಿದರು. 2009ರಲ್ಲಿ ಅದರ ಎರಡನೇ ಕಟ್ಟಡ ಬಂತು. 330 ಎಕರೆಗೂ ಮಿಕ್ಕ ಆವರಣ, ಹಾಸ್ಟೆಲ್, ಊಟದ ಮನೆಗಳು, ಈಜುಕೊಳ, ಗುಮ್ಮಟದ ಚಿತ್ರಮಂದಿರ. ಏಕಕಾಲಕ್ಕೆ ಸಾವಿರಾರು ಹೊಸಬರು ತಿಂಗಳುಗಟ್ಟಲೆ ಅಲ್ಲಿದ್ದು ಕಲಿಯುತ್ತಾರೆ. ಒಂದು ಖಾಸಗಿ ಕಂಪನಿ ತನ್ನ ನೌಕರರಿಗಾಗಿ ವಿಶ್ವವಿದ್ಯಾಲಯದಷ್ಟು ದೊಡ್ಡ ಶಾಲೆ ಕಟ್ಟಿದ್ದು ಸಾಮಾನ್ಯ ಸಾಧನೆಯಲ್ಲ.

ಆ ಶಾಲೆಗೆ ಒಂದು ನಿಯಮ ಇತ್ತು. ತರಬೇತಿಯ ಪರೀಕ್ಷೆಗಳಲ್ಲಿ ಪಾಸಾಗದವರು ಉಳಿಯುವಂತಿಲ್ಲ. ಕಂಪನಿ ವರ್ಷಕ್ಕೆ ಸಾವಿರಾರು ಜನರನ್ನು ತೆಗೆದುಕೊಂಡು ಕೆಲಸ ಹಂಚಲು ತುದಿಗಾಲಲ್ಲಿ ನಿಂತಿದ್ದಾಗ ಆ ನಿಯಮ ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

ಮೆಟ್ಟಿಲುಗಳ ಲೆಕ್ಕ

ಬೆಳೆಯುವ ಕಂಪನಿಯಲ್ಲಿ ನಿಯಮಗಳು ಎರಡು ದಾರಿಯಿಂದ ಬರುತ್ತವೆ. ಒಂದು ಒಳಗಿನಿಂದ, ಕೆಲಸ ಸುಗಮವಾಗಲಿ ಎಂದು. ಇನ್ನೊಂದು ಹೊರಗಿನಿಂದ, ಯಾರೋ ಪ್ರಶ್ನಿಸಿದಾಗ.

ಹೊರಗಿನಿಂದ ಬಂದ ದೊಡ್ಡ ಪ್ರಶ್ನೆ 2002ರದು. ಅಮೆರಿಕದಲ್ಲಿದ್ದ ಮಾರಾಟ ವಿಭಾಗದ ಮುಖ್ಯಸ್ಥರ ಮೇಲೆ ಅವರ ಜೊತೆ ಕೆಲಸ ಮಾಡಿದ್ದ ಮಹಿಳೆ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದರು. ಆ ಅಧಿಕಾರಿ ಕಂಪನಿ ಬಿಟ್ಟರು. 2003ರಲ್ಲಿ ಪ್ರಕರಣ 30 ಲಕ್ಷ ಡಾಲರ್‌ಗೆ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಭಾರತದ ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟು ಆಗಲೇ ಐದು ವರ್ಷ ಕಳೆದಿತ್ತು. ಆದರೆ ಬಹುತೇಕ ಭಾರತೀಯ ಕಂಪನಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಕಂಪನಿಗೆ ಹಣ ತರುವ ದೊಡ್ಡ ಅಧಿಕಾರಿಯೂ ನಿಯಮದ ಹೊರಗಿಲ್ಲ ಎಂಬ ಪಾಠವನ್ನು ಇಡೀ ಐಟಿ ಉದ್ಯಮ ಈ ಪ್ರಕರಣದಿಂದ ಕಲಿಯಿತು. ಪರಿಚಯದ ಮೇಲೆ ನಡೆಯುವ ಸಂಸ್ಥೆಯಲ್ಲಿ ದೂರು ಕೊಡುವವರಿಗೆ ಜಾಗವಿರುವುದಿಲ್ಲ, ಏಕೆಂದರೆ ದೂರು ಕೇಳಬೇಕಾದವರು ಆರೋಪಿಯ ಹಳೆಯ ಗೆಳೆಯರಾಗಿರುತ್ತಾರೆ. ಇಂಥಲ್ಲಿ ಬರೆದ ನಿಯಮ ದುರ್ಬಲರ ಪರವಾಗಿ ನಿಲ್ಲುತ್ತದೆ. ನಿಯಮ ಬಂದ ಕೂಡಲೇ ಮಾನವೀಯತೆ ಹೋಯಿತು ಎಂದು ಹಳಬರು ಹಲುಬುವಾಗ ಇದನ್ನೂ ನೆನೆಯಬೇಕು.

ಒಳಗಿನಿಂದ ಬಂದ ನಿಯಮಕ್ಕೆ ಉದಾಹರಣೆ 2009ರ ‘ಐರೇಸ್’. ಆ ಹೊತ್ತಿಗೆ ನೌಕರರು ಒಂದು ಲಕ್ಷ ದಾಟಿದ್ದರು. ಬೇಗ ಬೇಗ ಬಡ್ತಿ ಕೊಟ್ಟು ಜನರನ್ನು ಉಳಿಸಿಕೊಂಡ ವರ್ಷಗಳ ಪರಿಣಾಮವಾಗಿ ಮೇಲಿನ ಹುದ್ದೆಗಳಲ್ಲಿ ಜನ ತುಂಬಿದ್ದರು. ಐರೇಸ್ ಪ್ರತಿಯೊಂದು ಕೆಲಸಕ್ಕೂ ಒಂದು ಪಾತ್ರ ಗುರುತಿಸಿ, ಅನುಭವದ ವರ್ಷಗಳನ್ನು ಲೆಕ್ಕ ಹಾಕಿ, ಯಾರು ಯಾವ ಮೆಟ್ಟಿಲಲ್ಲಿ ಇರಬೇಕು ಎಂದು ಮರುಹೊಂದಿಸಿತು. ಕಾಗದದ ಮೇಲೆ ಇದು ತಾರ್ಕಿಕ. ಆದರೆ ಅನೇಕರು ಒಂದು ಬೆಳಗ್ಗೆ ತಾವು ಕೆಳಗಿನ ಹುದ್ದೆಗೆ ಇಳಿದಿರುವುದನ್ನು ಕಂಡರು. ಮದುವೆಯ ಮಾತುಕತೆಯಲ್ಲಿ, ಬ್ಯಾಂಕಿನ ಸಾಲದ ಅರ್ಜಿಯಲ್ಲಿ, ಊರಿನ ನೆಂಟರ ಮುಂದೆ ಹೇಳಿಕೊಂಡ ಹುದ್ದೆಯ ಹೆಸರು ಅದು. ಅಸಮಾಧಾನ ಪತ್ರಿಕೆಗಳವರೆಗೂ ಬಂತು, ಮುಂದಿನ ತಿಂಗಳುಗಳಲ್ಲಿ ಬಿಟ್ಟುಹೋಗುವವರು ಹೆಚ್ಚಿದರು.

ಬೆಲ್ ಕರ್ವ್ ಕಥೆಯೂ ಹೀಗೆಯೇ. ತಂಡದಲ್ಲಿ ಇಷ್ಟು ಶೇಕಡಾ ಜನ ಉತ್ತಮರು, ಇಷ್ಟು ಮಂದಿ ಸಾಧಾರಣ, ಇಷ್ಟು ಮಂದಿ ಕಳಪೆ ಎಂದು ಮೊದಲೇ ನಿಗದಿ ಮಾಡಿ ನೌಕರರನ್ನು ಅದರೊಳಗೆ ತುಂಬುವ ವಿಧಾನ ಇದು. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಎಂಬತ್ತರ ದಶಕದಲ್ಲಿ ಇದನ್ನು ಪ್ರಸಿದ್ಧಿಗೆ ತಂದರು. ಜಿಇ ಭಾರತದ ಐಟಿ ಕಂಪನಿಗಳ ದೊಡ್ಡ ಗಿರಾಕಿಯೂ ಆಗಿತ್ತು, ಅದರ ಪದ್ಧತಿಗಳು ಇಲ್ಲಿಗೂ ಬಂದವು. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದರೂ ಒಬ್ಬರನ್ನು ಹಿಂದಿನ ಸಾಲಿಗೆ ತಳ್ಳಲೇಬೇಕು. ಸಾವಿರಾರು ತಂಡಗಳನ್ನು ಒಂದೇ ಅಳತೆಯಲ್ಲಿ ಅಳೆಯಬೇಕಾದ ಕಚೇರಿಗೆ ಇದು ಅನುಕೂಲ. ಆ ಒಬ್ಬರ ಮುಖ ನೋಡಿ ವಿಷಯ ತಿಳಿಸಬೇಕಾದ ಮ್ಯಾನೇಜರ್‌ಗೆ ಇದು ಸಂಕಟ. ಮೈಕ್ರೋಸಾಫ್ಟ್ 2013ರಲ್ಲಿ ಈ ಪದ್ಧತಿ ಬಿಟ್ಟಿತು, ಇನ್ಫೋಸಿಸ್ 2015-16ರ ಹೊತ್ತಿಗೆ ಕೈಬಿಟ್ಟಿತು.

ಮೇಲಿನ ಮಹಡಿ

ಕೆಳಗಿನ ಮೆಟ್ಟಿಲುಗಳಿಗೆ ಇಷ್ಟೆಲ್ಲ ಲೆಕ್ಕ ಬಂದ ಕಾಲದಲ್ಲಿ ಮೇಲಿನ ಕುರ್ಚಿ ಹಳೆಯ ರೀತಿಯಲ್ಲೇ ಸಾಗಿತು. 1981ರಿಂದ 2002ರವರೆಗೆ ನಾರಾಯಣ ಮೂರ್ತಿ ಸಿಇಒ. ನಂತರ ನಂದನ್ ನಿಲೇಕಣಿ, 2007ರಲ್ಲಿ ಎಸ್. ಗೋಪಾಲಕೃಷ್ಣನ್, 2011ರಲ್ಲಿ ಎಸ್.ಡಿ. ಶಿಬುಲಾಲ್. 33 ವರ್ಷ ಸ್ಥಾಪಕರ ನಡುವೆಯೇ ಹುದ್ದೆ ಕೈ ಬದಲಾಯಿಸಿತು. ಅವರು ಸಮರ್ಥರಲ್ಲ ಎಂದು ಇದರ ಅರ್ಥವಲ್ಲ. ಪಾತ್ರ, ಅರ್ಹತೆ, ಅಳತೆಗೋಲುಗಳ ಭಾಷೆ ಒಂದು ಮಹಡಿಯವರೆಗೆ ಮಾತ್ರ ಹತ್ತಿತ್ತು ಎಂಬುದಷ್ಟೇ ಗಮನಿಸಬೇಕಾದ ಸಂಗತಿ.

ಸ್ಥಾಪಕರು ತಮಗೂ ನಿವೃತ್ತಿಯ ವಯಸ್ಸು ಗೊತ್ತುಮಾಡಿಕೊಂಡಿದ್ದರು. ಅದರಂತೆ ಮೂರ್ತಿಯವರು 2006ರಲ್ಲಿ, 60 ತುಂಬಿದಾಗ, ದಿನನಿತ್ಯದ ಹೊಣೆ ಬಿಟ್ಟರು. 2011ರಲ್ಲಿ ಅಧ್ಯಕ್ಷ ಸ್ಥಾನವನ್ನೂ ಬಿಟ್ಟರು. ಭಾರತದ ಉದ್ಯಮಿಗಳಲ್ಲಿ ಇದು ಅಪರೂಪ. ಆದರೆ ವ್ಯಾಪಾರ ಕುಗ್ಗಿದಾಗ, 2013ರ ಜೂನ್‌ನಲ್ಲಿ, ಅವರನ್ನು ಮತ್ತೆ ಕರೆಸಲಾಯಿತು. ಮಗ ರೋಹನ್ ಅವರ ಕಾರ್ಯನಿರ್ವಾಹಕ ಸಹಾಯಕರಾಗಿ ಜೊತೆಗೆ ಬಂದರು. ಮರುವರ್ಷ ಇಬ್ಬರೂ ಹೊರಬಂದರು. ಗಂಡಾಂತರ ಬಂದಾಗ ಕಂಪನಿ ಬರೆದ ನಿಯಮವನ್ನು ಬದಿಗಿಟ್ಟು ಪರಿಚಯಕ್ಕೆ ಮರಳಿತು. ದೊಡ್ಡದಾಗಿ ಬೆಳೆದ ಮನೆತನದಲ್ಲೂ ಕಷ್ಟ ಬಂದರೆ ಅಜ್ಜನನ್ನೇ ಕೇಳುವಂತೆ.

2014ರಲ್ಲಿ ಮೊದಲ ಬಾರಿಗೆ ಹೊರಗಿನವರು, ವಿಶಾಲ್ ಸಿಕ್ಕಾ, ಸಿಇಒ ಆದರು. 2017ರಲ್ಲಿ ಒಬ್ಬ ಹಿರಿಯ ಅಧಿಕಾರಿಯ ಸಂಬಳ ಏರಿಸಿದ್ದನ್ನು ಮೂರ್ತಿಯವರು ಬಹಿರಂಗವಾಗಿ ಆಕ್ಷೇಪಿಸಿದರು. ಬಹುತೇಕ ನೌಕರರಿಗೆ 6ರಿಂದ 8 ಶೇಕಡಾ ಏರಿಕೆ ಸಿಕ್ಕಿರುವಾಗ ಮೇಲಿನವರಿಗೆ 60, 70 ಶೇಕಡಾ ಕೊಡುವುದು ಸರಿಯಲ್ಲ ಎಂಬುದು ಅವರ ವಾದ. ಆ ವರ್ಷ ಆಗಸ್ಟ್‌ನಲ್ಲಿ ಸಿಕ್ಕಾ ಹೊರಟರು, ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. ಸಂಬಳದ ಅಂತರದ ಬಗ್ಗೆ ಎದ್ದ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಎತ್ತಿದವರು ಸ್ಥಾಪಕರು, ಆ 6ರಿಂದ 8 ಶೇಕಡಾ ಪಡೆದವರಲ್ಲ. ಅವರಿಗೆ ಅದನ್ನು ಎತ್ತಲು ವೇದಿಕೆ ಎಲ್ಲಿತ್ತು?

ಮೇಜಿನ ಆ ಬದಿ

ಈ ಪ್ರಶ್ನೆಗೆ ಉತ್ತರ ಹುಡುಕಲು 1946ರ ಒಂದು ಕಾನೂನಿಗೆ ಹೋಗಬೇಕು. ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ, ಅಂದರೆ ಸ್ಟ್ಯಾಂಡಿಂಗ್ ಆರ್ಡರ್ಸ್ ಆಕ್ಟ್, 100 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಒಂದು ಹೊಣೆ ಹೊರಿಸಿತು. ಕೆಲಸದ ವೇಳೆ, ರಜೆ, ಕೆಲಸದಿಂದ ತೆಗೆಯುವ ಕ್ರಮ, ಶಿಸ್ತುಕ್ರಮ, ದೂರಿನ ದಾರಿ ಇವನ್ನು ಲಿಖಿತವಾಗಿ ಸಿದ್ಧಪಡಿಸಬೇಕಿತ್ತು. ಸಿದ್ಧಪಡಿಸಿದ ಕರಡನ್ನು ಸರ್ಕಾರಿ ಅಧಿಕಾರಿಗೆ ಕೊಡಬೇಕಿತ್ತು. ಆ ಅಧಿಕಾರಿ ಅದನ್ನು ಯೂನಿಯನ್‌ಗೆ, ಯೂನಿಯನ್ ಇಲ್ಲದಿದ್ದರೆ ಕಾರ್ಮಿಕರ ಪ್ರತಿನಿಧಿಗಳಿಗೆ ಕಳಿಸಿ, ಅವರ ಆಕ್ಷೇಪ ಕೇಳಿ, ಆಮೇಲೆ ಪ್ರಮಾಣೀಕರಿಸಬೇಕಿತ್ತು. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳು ನಡೆದದ್ದು ಈ ರೀತಿಯಲ್ಲಿ.

ಅದೇ ಕಾಯ್ದೆ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರವನ್ನೂ ನೀಡಿತ್ತು. ಕರ್ನಾಟಕ ಸರ್ಕಾರ ಐಟಿ ಮತ್ತು ಅದಕ್ಕೆ ಸಂಬಂಧಿಸಿದ ಕಂಪನಿಗಳಿಗೆ ಮತ್ತೆ ಮತ್ತೆ ಈ ವಿನಾಯಿತಿ ಕೊಟ್ಟಿತು. 2014ರಲ್ಲಿ ಐದು ವರ್ಷಕ್ಕೆ, 2019ರಲ್ಲಿ ಮತ್ತೆ ಐದು ವರ್ಷಕ್ಕೆ ಅದು ಮುಂದುವರಿಯಿತು. ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ, ಎರಡೂ ಕಡೆಯ ಸಮಾನ ಸದಸ್ಯರಿರುವ ಕುಂದುಕೊರತೆ ಸಮಿತಿ, ಶಿಸ್ತುಕ್ರಮಗಳ ಬಗ್ಗೆ ಕಾರ್ಮಿಕ ಇಲಾಖೆಗೆ ಮಾಹಿತಿ ಮುಂತಾದ ಷರತ್ತುಗಳಿದ್ದವು. ಆದರೆ ನಿಯಮಾವಳಿಯ ಕರಡನ್ನು ನೌಕರರ ಮುಂದಿಟ್ಟು ಆಕ್ಷೇಪ ಕೇಳುವ ಹಂತ ಇಲ್ಲವಾಯಿತು.

ಕಂಪನಿಗಳ ವಾದದಲ್ಲೂ ಹುರುಳಿದೆ. ಬೇರೆ ದೇಶದ ಹೊತ್ತಿಗೆ ತಕ್ಕಂತೆ ಕೆಲಸ ಮಾಡಬೇಕು, ಯೋಜನೆಗಳು ತಿಂಗಳಿಗೊಮ್ಮೆ ಬದಲಾಗುತ್ತವೆ, ಕಾರ್ಖಾನೆಗೆ ಬರೆದ ನಿಯಮ ಇಲ್ಲಿಗೆ ಹೊಂದುವುದಿಲ್ಲ ಎನ್ನುತ್ತಾರೆ. ಇನ್ಫೋಸಿಸ್ ಒಳಗೆ ದೂರು ಕೇಳಲು ‘ಹಿಯರ್’ ಎಂಬ ವ್ಯವಸ್ಥೆ ಇತ್ತು, ಕಿರಿಯ ನೌಕರರನ್ನು ಹಿರಿಯರ ಸಭೆಗೆ ಕರೆಯುವ ‘ವಾಯ್ಸ್ ಆಫ್ ಯೂತ್’ ಇತ್ತು. ಅನೇಕ ಕಂಪನಿಗಳು ಇಷ್ಟನ್ನೂ ಮಾಡಿರಲಿಲ್ಲ. ಷೇರಿನ ಬೆಲೆ ಏರುತ್ತಿದ್ದಾಗ, ಸಂಬಳ ಏರುತ್ತಿದ್ದಾಗ ನೌಕರರೂ ಯೂನಿಯನ್ ಬೇಕೆಂದು ಕೇಳಲಿಲ್ಲ. ಬೇಸರವಾದವರು ರಸ್ತೆಯ ಆಚೆಯ ಕಂಪನಿಗೆ ಹೋಗುತ್ತಿದ್ದರು. ಆದರೆ ಸಲಹೆ ಕೇಳುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ. ರಸ್ತೆಯ ಆಚೆ ಕೆಲಸ ಇರುವವರೆಗೆ ಈ ಎರಡರ ವ್ಯತ್ಯಾಸ ಯಾರನ್ನೂ ಕಾಡುವುದಿಲ್ಲ. 2017ರಲ್ಲಿ ಐಟಿ ಕಂಪನಿಗಳು ಜನರನ್ನು ಕಡಿಮೆ ಮಾಡತೊಡಗಿದಾಗಲೇ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಹುಟ್ಟಿದ್ದು ಕಾಕತಾಳೀಯವಲ್ಲ.

ಮೈಸೂರಿನ ಪರೀಕ್ಷೆ

2022ರಲ್ಲಿ ಇನ್ಫೋಸಿಸ್ ಕ್ಯಾಂಪಸ್‌ಗಳಲ್ಲಿ ಆಯ್ಕೆ ಮಾಡಿದ ಸುಮಾರು ಎರಡು ಸಾವಿರ ಪದವೀಧರರು ಸೇರುವ ದಿನಕ್ಕಾಗಿ ಎರಡು ವರ್ಷದ ಹತ್ತಿರ ಕಾದರು. ಕೊರೋನಾ ಕಾಲದ ಬೇಡಿಕೆ ಇಳಿದಿತ್ತು. ಆಫರ್ ಲೆಟರ್ ಕೈಯಲ್ಲಿದ್ದರೂ ಕೆಲಸವಿಲ್ಲ. ವಾರ್ಷಿಕ 3.6 ಲಕ್ಷ ರೂಪಾಯಿಯ ಆರಂಭಿಕ ಸಂಬಳ ಅದಕ್ಕೂ ಹತ್ತು ವರ್ಷದ ಹಿಂದಿನದಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಕೊಟ್ಟ ಎಲ್ಲ ಆಫರ್‌ಗಳನ್ನೂ ಪೂರೈಸುತ್ತೇವೆ ಎಂದು ಕಂಪನಿ ಹೇಳಿತು. 2024ರ ಕೊನೆಯ ತಿಂಗಳುಗಳಲ್ಲಿ ಅವರಲ್ಲಿ ಅನೇಕರು ಮೈಸೂರಿಗೆ ಬಂದರು.

2025ರ ಫೆಬ್ರವರಿಯಲ್ಲಿ 300ಕ್ಕೂ ಹೆಚ್ಚು ಟ್ರೈನಿಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂದು ಮನೆಗೆ ಕಳಿಸಲ್ಪಟ್ಟರು. ಸಂಖ್ಯೆ ಇನ್ನೂ ಹೆಚ್ಚು ಎಂದು ನೈಟ್ಸ್ ಎಂಬ ನೌಕರರ ಸಂಘಟನೆ ಹೇಳಿತು. ಅದರ ನೆಲೆ ಪುಣೆ, ಕಂಪನಿ ಹುಟ್ಟಿದ ಊರೇ. ಅದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು, ಸಚಿವಾಲಯ ಕರ್ನಾಟಕದ ಕಾರ್ಮಿಕ ಇಲಾಖೆಗೆ ವಿಷಯ ನೋಡುವಂತೆ ಬರೆಯಿತು. ಪ್ರತಿಯೊಬ್ಬರಿಗೂ ಮೂರು ಅವಕಾಶ ಕೊಡಲಾಗಿತ್ತು, ನಿಯಮ ಒಪ್ಪಂದದಲ್ಲೇ ಇದೆ, ಈ ಪದ್ಧತಿ ಎರಡು ದಶಕಗಳಿಂದ ಇದೆ ಎಂಬುದು ಕಂಪನಿಯ ಉತ್ತರ.

ಆ ಉತ್ತರ ಸುಳ್ಳಲ್ಲ. ನಿಯಮ ಹಳೆಯದೇ. ಸನ್ನಿವೇಶ ಮಾತ್ರ ಬೇರೆ. 2005ರಲ್ಲಿ ಮೈಸೂರಿನಲ್ಲಿ ಅನುತ್ತೀರ್ಣನಾದ ಹುಡುಗ ಕಾಲೇಜು ಮುಗಿಸಿ ಕೆಲವೇ ತಿಂಗಳಾಗಿರುತ್ತಿದ್ದ, ಮಾರುಕಟ್ಟೆಯಲ್ಲಿ ಕೆಲಸಗಳಿದ್ದವು. 2025ರಲ್ಲಿ ಅನುತ್ತೀರ್ಣಳಾದ ಹುಡುಗಿ ಆಫರ್ ನಂಬಿ ಎರಡು ವರ್ಷ ಕಳೆದಿದ್ದಳು. ಆ ಎರಡು ವರ್ಷದ ಕಾಯುವಿಕೆಗೆ ಏನು ಪರಿಹಾರ, ಕಾದವರಿಗೆ ಪರೀಕ್ಷೆಯ ಕ್ರಮ ಬೇರೆಯಾಗಿರಬೇಕೆ ಎಂಬ ಬಗ್ಗೆ ನಿಯಮಾವಳಿಯಲ್ಲಿ ಮಾತಿರಲಿಲ್ಲ. ಏಕೆಂದರೆ ಅದನ್ನು ಬರೆಯುವಾಗ ಕಾಯುವವರ ಪರವಾಗಿ ಯಾರೂ ಮೇಜಿನ ಆ ಬದಿಯಲ್ಲಿ ಕುಳಿತಿರಲಿಲ್ಲ.

ಹೊಸ ಕಂಪನಿಗಳಿಗೆ

ತೊಂಬತ್ತರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಯಾರನ್ ಮತ್ತು ಮೈಕೆಲ್ ಹ್ಯಾನನ್ ಸಿಲಿಕಾನ್ ವ್ಯಾಲಿಯ ಸುಮಾರು 200 ಎಳೆಯ ಕಂಪನಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸ್ಥಾಪಕರು ಮೊದಲ ದಿನಗಳಲ್ಲಿ ನೌಕರರ ಬಗ್ಗೆ ಇಟ್ಟುಕೊಂಡ ಕಲ್ಪನೆ ಕಂಪನಿ ಬೆಳೆದ ಮೇಲೂ ಅಳಿಸದೆ ಉಳಿಯುತ್ತದೆ ಎಂಬುದು ಅವರ ಮುಖ್ಯ ತಿಳಿವಳಿಕೆ. ನಡುವೆ ಆ ಕಲ್ಪನೆ ಬದಲಾಯಿಸಿದ ಕಂಪನಿಗಳಲ್ಲಿ ಜನ ಹೆಚ್ಚು ಬಿಟ್ಟುಹೋದರು, ಮುಳುಗುವ ಅಪಾಯವೂ ಹೆಚ್ಚಿತ್ತು. ನೌಕರರನ್ನು ಮನೆಯವರಂತೆ ಬಾಂಧವ್ಯದಿಂದ ಹಿಡಿದಿಟ್ಟ ಕಂಪನಿಗಳು ಕಷ್ಟಕಾಲದಲ್ಲಿ ಹೆಚ್ಚು ಬಾಳಿಕೆ ಬಂದವು.

ಇನ್ಫೋಸಿಸ್ ಕಥೆ ಇದಕ್ಕೆ ಒಂದು ಮಾತು ಸೇರಿಸುತ್ತದೆ. ಮನೆಯಂತೆ ಶುರುವಾದ ಕಂಪನಿಯ ಸ್ಥಾಪಕರು ತಾವು ನ್ಯಾಯವಂತರು ಎಂದು ನಂಬಿರುತ್ತಾರೆ, ಬಹುಸಲ ಅದು ನಿಜವೂ ಹೌದು. ಹಾಗಾಗಿ ನಿಯಮ ಬರೆಯುವಾಗ ಎದುರಿನವರನ್ನು ಕರೆಯುವ ಅಗತ್ಯವೇ ಅವರಿಗೆ ಕಾಣುವುದಿಲ್ಲ. ಏಳು ಜನರಿದ್ದಾಗ ಎದುರಿನವರು ಎಂಬುವರೇ ಇರುವುದಿಲ್ಲ. ನೂರು ಜನರಾದಾಗ ಇರುತ್ತಾರೆ, ಆದರೆ ಎಲ್ಲರ ಹೆಸರು ಗೊತ್ತಿರುತ್ತದೆ. ಸಾವಿರ ದಾಟಿದ ಮೇಲೆ ಹೆಸರು ಗೊತ್ತಿಲ್ಲದವರ ಮೇಲೆ ನಿಯಮ ಹರಿಯುತ್ತದೆ.

ಇವತ್ತು ಕೋರಮಂಗಲದ, ಹಿಂಜವಡಿಯ, ಗುರುಗ್ರಾಮದ ಹೊಸ ಸ್ಟಾರ್ಟಪ್‌ಗಳು ಅರವತ್ತನೆಯ, ಎಂಬತ್ತನೆಯ ನೌಕರನನ್ನು ಸೇರಿಸಿಕೊಳ್ಳುವ ಹೊತ್ತಿಗೆ ಒಬ್ಬ ಎಚ್‌ಆರ್ ಮ್ಯಾನೇಜರನ್ನು ತರುತ್ತವೆ. ಆ ಮ್ಯಾನೇಜರ್ ಬೇರೆ ಕಂಪನಿಯ ಹ್ಯಾಂಡ್‌ಬುಕ್ ತಂದು ಹೆಸರು ಬದಲಿಸಿ ಹಂಚುವುದೂ ಉಂಟು. ಷೇರು, ತರಬೇತಿ, ಕ್ಯಾಂಪಸ್ಸಿನ ಊಟ, ರೇಟಿಂಗ್ ಎಲ್ಲ ಅದರಲ್ಲಿರುತ್ತದೆ. ಕರಡನ್ನು ನೌಕರರಿಗೆ ತೋರಿಸಿ ಒಂದು ವಾರ ಕಾಯಬೇಕು, ಅವರ ಆಕ್ಷೇಪಗಳನ್ನು ಬರೆದಿಟ್ಟು ಉತ್ತರ ಕೊಡಬೇಕು ಎಂಬ ಪುಟ ಮಾತ್ರ ಇರುವುದಿಲ್ಲ. 1946ರ ಕಾನೂನು ಬರೆದವರಿಗೆ ಆ ಪುಟದ ಅಗತ್ಯ ತಿಳಿದಿತ್ತು. ಅದನ್ನು ಮತ್ತೆ ಸೇರಿಸಲು ಮುಷ್ಕರವೂ ಬೇಡ, ಕೋಟಿಗಟ್ಟಲೆ ಬಂಡವಾಳವೂ ಬೇಡ. ಎಲ್ಲರ ಹೆಸರು ಇನ್ನೂ ನೆನಪಿರುವಾಗಲೇ ಅದನ್ನು ಮಾಡುವುದು ಸುಲಭ.